ಓಣಿಯ ವೈಫೈ ಕಳ್ಳರನ್ನು ನಾನು ಹಿಡಿದದ್ದು

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎಂಥ ತೊಡಕು ಎದುರಾದರೂ ಅದನ್ನು ದತ್ತ, ಸಾಧನೀಯ, ಸಾಧನೆ ಎಂದು ಭಾಗ ಮಾಡಿ ಬಗೆಹರಿಸಬಲ್ಲೆ ಎಂಬ ಧೈರ್ಯ ನನಗೆ ಮೊದಲಿನಿಂದಲೂ ಇದೆ. ಹಾಗಾಗಿ ನಮ್ಮ ಮನೆಯ ವೈಫೈ ಒಂದು ಸಂಜೆ ಹಠ ಹಿಡಿದ ಎಮ್ಮೆಯಂತೆ ನಿಂತುಬಿಟ್ಟಾಗ ನಾನು ಎಳ್ಳಷ್ಟೂ ಗಾಬರಿಯಾಗಲಿಲ್ಲ. ದತ್ತ: ನೆಟ್ ನಿಧಾನವಾಗಿದೆ. ಸಾಧನೀಯ: ಓಣಿಯವರು ಯಾರೋ ಕದಿಯುತ್ತಿದ್ದಾರೆ. ಸಾಧನೆ: ಅದೇನು ದೊಡ್ಡದು, ಒಂದು ಭಾನುವಾರದ ಕೆಲಸ!

ಆ ಭಾನುವಾರದ ಕಥೆಯೇ ಇದು.

ನಮ್ಮ ಮನೆ ಸಿಂಧನೂರಿನಲ್ಲಿ. ನಾನು, ನಮ್ಮ ಮನೆಯವರು, ನಮ್ಮ ಅತ್ತೆ, ಇಷ್ಟೇ ಜನ. ನಮ್ಮ ಮನೆಯವರದು ಪೈಪು, ಮೋಟರಿನ ಅಂಗಡಿ. ಕಾಲುವೆಗೆ ನೀರು ಬಿಟ್ಟರೆ ಅಲ್ಲಿ ಒಂದು ಥರದ ಗದ್ದಲ, ಬಿಡದಿದ್ದರೆ ಇನ್ನೊಂದು ಥರದ್ದು. ಆದರೂ ಆ ಮನುಷ್ಯ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತರೆ ಕಲ್ಲಿನ ಬಸವಣ್ಣನಷ್ಟು ಸಮಾಧಾನ. ನಾನು ಅದಕ್ಕೆ ಪೂರ್ತಿ ತದ್ವಿರುದ್ಧ. ನನಗೆ ಒಂದೆಡೆ ಕೂರಲು ಆಗುವುದಿಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲುವ ತಾಳ್ಮೆಯೂ ಇಲ್ಲ. ಅಷ್ಟರೊಳಗೆ ಬಾಗಿಲಿಗೆ ಹೋಗಿ ಬಂದಿರುತ್ತೇನೆ, ಹಾಲೂ ಉಕ್ಕಿ ಹೋಗಿರುತ್ತದೆ.

ಪಾಮನಕಲ್ಲೂರಿನ ಶಾಲೆಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಮನೆಗೆ ಬಂದ ಮೇಲೆ ಮಕ್ಕಳ ಹಾಜರಿ, ಅಂಕ ಎಲ್ಲವನ್ನೂ ಇಲಾಖೆಯ ಜಾಲತಾಣಕ್ಕೆ ಏರಿಸಬೇಕು. ಆ ಸಂಜೆಗಳಲ್ಲಿ ನಾನು ಒತ್ತುವುದನ್ನು ಒತ್ತುತ್ತಿದ್ದೆ, ಪರದೆಯ ನಡುವೆ ಒಂದು ಪುಟ್ಟ ಚಕ್ರ ಪ್ರತ್ಯಕ್ಷವಾಗಿ ಗಿರಗಿರ ತಿರುಗುತ್ತಿತ್ತು. ಅದು ತಿರುಗಲು ಶುರುಮಾಡಿದರೆ ನಾನೂ ತಿರುಗಲು ಶುರುಮಾಡುತ್ತಿದ್ದೆ. ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಅಂಗಳಕ್ಕೆ, ಅಂಗಳದಿಂದ ಮಾಳಿಗೆಗೆ.

"ಶೋಭಾ, ಒಂದ್ಕಡಿ ಕುಂದ್ರು ಮಾರಾಯ್ತಿ" ಎಂದರು ನಮ್ಮ ಮನೆಯವರು. "ನೀ ಓಡಾಡಿದ್ರ ನೆಟ್ ಓಡಂಗಿಲ್ಲ."

"ಯಾರೋ ಕದಿಯಾಕತ್ತಾರ್ರೀ!"

"ಏನನ್ನ?"

"ನಮ್ಮ ವೈಫೈನ!"

"ಕದ್ದು ಎಲ್ಲಿಡ್ತಾರ?"

ಇಂಥವರ ಜೊತೆ ಸಂಸಾರ ಮಾಡುತ್ತ ತನಿಖೆಯನ್ನೂ ನಡೆಸುವುದು ಎಷ್ಟು ಕಷ್ಟ ಎಂಬುದು ನಿಮಗೆ ಈಗ ತಿಳಿದಿರಬೇಕು.

ನನ್ನ ಮೊದಲ ಅನುಮಾನ ಎದುರುಮನೆಯ ಪಂಪಣ್ಣನ ಮೇಲೆ. ಆತ ಹೊತ್ತು ಇಳಿಯುವಾಗ ನಮ್ಮ ಕಾಂಪೌಂಡಿಗೆ ಅಂಟಿದ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ. ಕೈಯಲ್ಲಿ ಫೋನು. ಮುಖದಲ್ಲಿ ನಗು. ಸ್ವಂತ ಕಟ್ಟೆ ಇದ್ದೂ ನಮ್ಮ ಕಟ್ಟೆಗೆ ಬರುವುದೇಕೆ? ಇಷ್ಟು ನಗಿಸುವಂಥದ್ದು ಪುಕ್ಕಟೆ ನೆಟ್ಟಿನಲ್ಲಲ್ಲದೆ ಇನ್ನೆಲ್ಲಿ ಸಿಕ್ಕೀತು? ನಾನು ಕಸ ಗುಡಿಸುವ ನೆಪದಲ್ಲಿ ಪೊರಕೆ ಹಿಡಿದು ಹೊರಗೆ ಹೋದೆ. ಗುಡಿಸುತ್ತ ಗುಡಿಸುತ್ತ ಆತನ ಬೆನ್ನ ಹಿಂದೆ ಬಂದೆ. ಬಗ್ಗಿ ನೋಡಿದೆ.

"ಏನ್ರೀ ಟೀಚರ್ರ, ಏನ್ ಬೇಕಾಗಿತ್ತು?"

"ಏನಿಲ್ಲ ಪಂಪಣ್ಣ. ಫೋನ್ಯಾಗ ಏನ್ ನೋಡಾಕತ್ತೀಯಪ್ಪ?"

ಆತ ಫೋನನ್ನು ನನ್ನ ಕೈಗೇ ಕೊಟ್ಟ. ಗುಂಡಿ ಒತ್ತುವ ಫೋನು! ಅದರ ಅಂಕಿಗಳು ಸವೆದು ಬೋಳಾಗಿದ್ದವು. "ಇದರಾಗ ಏನ್ ನೋಡಾಕ ಬರತೈತ್ರಿ? ಬರೇ ಹಲೋ ಅನ್ನಾಕ ಬರತೈತಿ. ರೇಡಿಯೋ ಕೇಳಾಕತ್ತಿದ್ದೆ. ನಮ್ಮ ಕಟ್ಟಿಗೆ ಬಿಸಲ ಬೀಳತೈತಿ, ಅದಕ ಇಲ್ಲಿ ಬರತೀನಿ. ಬ್ಯಾಡಂದ್ರ ಬರಂಗಿಲ್ಲ ಬಿಡ್ರಿ."

"ಛೆ ಛೆ, ಕೂತ್ಕೊ ಪಂಪಣ್ಣ!" ಎಂದು ಆತನ ಸುತ್ತ ಇದ್ದ ಕಸವನ್ನೆಲ್ಲ ಶ್ರದ್ಧೆಯಿಂದ ಗುಡಿಸಿ ಒಳಗೆ ಬಂದೆ. ತನಿಖೆಯ ಮೊದಲ ಹಂತ ಹೀಗೆ ಗೌರವಯುತವಾಗಿ ಮುಗಿಯಿತು.

ಎರಡನೆಯ ಹಂತವನ್ನು ನಮ್ಮ ಅತ್ತೆ ಕೈಗೆತ್ತಿಕೊಂಡರು. ಅವರಿಗೆ ಅರ್ಥವಾದದ್ದು ಇಷ್ಟೇ: ಟಿವಿಯ ಪಕ್ಕದಲ್ಲಿ ಮಿಣುಮಿಣು ದೀಪ ಹಚ್ಚಿಕೊಂಡು ಕೂತಿರುವ ಬಿಳಿ ಡಬ್ಬಿಯ ಮೇಲೆ ಕಳ್ಳರ ಕಣ್ಣು ಬಿದ್ದಿದೆ. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಆ ಜಾಗ ಖಾಲಿ!

"ಅತ್ತೀ, ಡಬ್ಬಿ ಎಲ್ಲೈತ್ರಿ?"

"ತಿಜೋರಿಯಾಗ ಇಟ್ಟು ಕೀಲಿ ಹಾಕೀನಿ. ಇನ್ನ ಅದ್ಯಾವ ಕಳ್ಳ ಬರತಾನ ಬರಲಿ."

ಅತ್ತೆಯ ಕೋಣೆಯ ಕಬ್ಬಿಣದ ತಿಜೋರಿಯೊಳಗೆ ಮನೆಯ ಬೆಳ್ಳಿ, ಬಂಗಾರ, ಆಸ್ತಿಯ ಕಾಗದಗಳ ಜೊತೆಗೆ ಈಗ ವೈಫೈಯೂ ಸೇರಿತ್ತು. ನಾನು ಹಣೆ ಬಡಿದುಕೊಂಡು, "ಅದರೊಳಗಿಂದ ನೆಟ್ ಹೆಂಗ ಬರತೈತ್ರಿ ಅತ್ತೀ" ಎನ್ನುತ್ತ ಫೋನು ತೆಗೆದೆ. ಏನಾಶ್ಚರ್ಯ! ನೆಟ್ ಬರುತ್ತಿತ್ತು. ಬರುವುದೇನು, ಹಾರುತ್ತಿತ್ತು! ನಾನು ಮಾಳಿಗೆಯ ಕೋಣೆಯಲ್ಲಿ ಕೂತು ಇಡೀ ಒಂಬತ್ತನೇ ತರಗತಿಯ ಅಂಕಗಳನ್ನು ಕಾಫಿ ಆರುವುದರೊಳಗೆ ಏರಿಸಿದೆ.

ತಿಜೋರಿ ಇರುವ ಗೋಡೆಯಲ್ಲೇ ಕರೆಂಟಿನ ಪಾಯಿಂಟು ಇದೆ. ವೈರನ್ನು ಹಿಂದಿನಿಂದ ಹೇಗೋ ತೂರಿಸಿರಬೇಕು ಎಂದು ನಾನೇ ಊಹಿಸಿಕೊಂಡೆ. ಹೋಗಿ ನೋಡಲಿಲ್ಲ. ಮಕ್ಕಳು ಉತ್ತರ ಸರಿ ಬಂತೆಂದು ಲೆಕ್ಕ ಬಿಡಿಸಿದ ಹಂತಗಳನ್ನು ಬರೆಯದಿದ್ದರೆ ನಾನು ಅಂಕ ಕೊಡುವುದಿಲ್ಲ. ಆದರೆ ಇಲ್ಲಿ ಉತ್ತರ ಸರಿ ಬಂದ ಸಂತೋಷದಲ್ಲಿ ಅತ್ತೆಗೆ ನೂರಕ್ಕೆ ನೂರು ಕೊಟ್ಟುಬಿಟ್ಟೆ. "ಕಬ್ಬಿಣ ಅಡ್ಡ ಬಂದಿದ್ದಕ್ಕ ಕಳ್ಳರಿಗೆ ಎಟಕಂಗಿಲ್ರೀ ಈಗ" ಎಂದು ನಮ್ಮ ಮನೆಯವರಿಗೆ ವೈಜ್ಞಾನಿಕವಾಗಿ ವಿವರಿಸಿದೆ ಕೂಡ.

ಆದರೆ ಸುಖ ಬಹಳ ದಿನ ಬಾಳಲಿಲ್ಲ. ಮತ್ತೆ ಸಂಜೆಯಾದರೆ ಚಕ್ರ ತಿರುಗತೊಡಗಿತು. ನಾನೂ ತಿರುಗತೊಡಗಿದೆ.

ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಅಮರೇಶ ಸರ್ ಮಸ್ಕಿಯವರು, ಫೋನು ಕಂಪ್ಯೂಟರು ಎಂದರೆ ಅವರಿಗೆ ಪ್ರಾಣ. ಶಿಕ್ಷಕರ ಕೋಣೆಯಲ್ಲಿ ನನ್ನ ಗೋಳು ಕೇಳಿ ಅವರು ನಕ್ಕರು.

"ಮೇಡಂ, ಕಟ್ಟಿ ಮ್ಯಾಲ ಕುಂತವ್ರನ್ನ ನೋಡಿದ್ರ ಕಳ್ಳರು ಸಿಗಂಗಿಲ್ರಿ. ನಿಮ್ಮ ಡಬ್ಬಿಗೇ ಕೇಳಬೇಕು. ಅದಕ್ಕ ಒಂದು ಪುಟ ಇರತೈತಿ. ಅದನ್ನ ತೆಗೆದ್ರ ಯಾರ್‍ಯಾರ ಫೋನು ಅದರ ಮ್ಯಾಲ ಕುಂತಾವು ಅಂತ ಎಲ್ಲಾ ಕಾಣತೈತಿ. ಬ್ಯಾಡಾದವ್ರನ್ನ ಅಲ್ಲೇ ಹೊರಗ ಹಾಕಬಹುದು. ಪಾಸ್‌ವರ್ಡ್ ಬದಲ ಮಾಡಬಹುದು. ಹೆಸರೂ ಬದಲ ಮಾಡಬಹುದು."

ಆ ಪುಟದ ವಿಳಾಸವನ್ನೂ ಒಳಗೆ ಹೋಗುವ ದಾರಿಯನ್ನೂ ಅವರು ಹೇಳಿಕೊಟ್ಟರು. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಕಾಲು ತಾಳ ಹಾಕುತ್ತಿತ್ತು. ಪಕ್ಕದಲ್ಲಿ ಕೂತ ಅಜ್ಜಿ, "ಯಾಕವ್ವಾ, ಥಂಡಿ ಹತ್ತೈತೇನು?" ಎಂದು ಕೇಳಿದಳು. ಅವಳಿಗೇನು ಗೊತ್ತು, ನನ್ನೊಳಗೆ ಒಂದು ಪೊಲೀಸ್ ಠಾಣೆಯೇ ತೆರೆದಿತ್ತು!

ಭಾನುವಾರ ಬಂತು. ಅಂದೇ ನಮ್ಮ ಪಕ್ಕದ ಮನೆಯ ರಾಬಿಯಾಕ್ಕನ ಮೊಮ್ಮಗಳಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಕಾರ್ಯ. ರಾಬಿಯಾಕ್ಕನೂ ನಾನೂ ಎಷ್ಟೋ ವರ್ಷದಿಂದ ಗೋಡೆಯ ಮೇಲಿಂದ ಬಟ್ಟಲು ಬದಲಾಯಿಸಿಕೊಂಡವರು. ನಮ್ಮ ಹೋಳಿಗೆ ಅತ್ತ, ಅವರ ಶೀರ್ ಖುರ್ಮಾ ಇತ್ತ. ಅವರ ಮಗಳು ಶಬಾನಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಳಿಯ ಇಮ್ರಾನ್ ಸೌದಿಯಲ್ಲಿ ಕ್ರೇನ್ ನಡೆಸುವವ, ಇನ್ನೂ ಮಗಳ ಮುಖವನ್ನು ಎದುರಿಗೆ ಕಂಡವನಲ್ಲ. ಲಿಂಗಸೂರಿನಿಂದ ಬೀಗರು ಒಂದು ವಾಹನ ತುಂಬ ಬಂದಿಳಿದಿದ್ದರು. ಪಕ್ಕದ ಮನೆಯಲ್ಲಿ ಬೆಳಗಿನಿಂದ ಹಾಡು, ಮಸಾಲೆಯ ಘಮಘಮ.

"ಹೊಂಡಾಣಿಲ್ಲೇನ?" ಎಂದು ಅತ್ತೆ ಹೊಸ ಸೀರೆ ಉಟ್ಟು ಕೇಳಿದರು.

"ಐದೇ ನಿಮಿಷ ಅತ್ತೀ. ಒಂದು ಸಣ್ಣ ಕೆಲಸ ಐತಿ."

ಮಾಳಿಗೆಗೆ ಹೋದೆ. ಪುಟ ತೆರೆದೆ. ತೆರೆಯುತ್ತಿದ್ದಂತೆ ನನ್ನ ಎದೆ ಧಸಕ್ಕೆಂದಿತು! ನಮ್ಮ ಮನೆಯ ಫೋನುಗಳನ್ನು ಗುರುತಿಸಿದೆ, ಸರಿ. ಅವುಗಳ ಕೆಳಗೆ ಗುರುತು ಪರಿಚಯವಿಲ್ಲದ ಫೋನುಗಳು ಸಾಲುಗಟ್ಟಿ ನಿಂತಿದ್ದವು. ಒಂದು, ಎರಡಲ್ಲ, ಒಂದು ದಿಬ್ಬಣವೇ! ಇಡೀ ಓಣಿ ನಮ್ಮ ತಲೆಯ ಮೇಲೆ ಕೂತು ಉಣ್ಣುತ್ತಿದೆ! ನಾನು ಇಷ್ಟು ದಿನ ಪಂಪಣ್ಣನೊಬ್ಬನನ್ನೇ ಶಂಕಿಸಿ ಎಂಥ ಉದಾರ ಬುದ್ಧಿ ತೋರಿಸಿದೆ ಎಂದುಕೊಂಡೆ.

ಒಬ್ಬೊಬ್ಬರನ್ನೇ ಹೊರದಬ್ಬತೊಡಗಿದೆ. ಒತ್ತಿದೆ, ಒಬ್ಬ ಹೋದ. ಒತ್ತಿದೆ, ಇನ್ನೊಬ್ಬ ಹೋದ. ಎಂಥ ಸುಖ! ಮೂರನೆಯದೋ ನಾಲ್ಕನೆಯದೋ ಒತ್ತುತ್ತಿದ್ದಂತೆ ಪಕ್ಕದ ಮನೆಯ ಹಾಡು ಗಕ್ಕನೆ ನಿಂತಿತು. ಒಳ್ಳೆಯದೇ ಆಯಿತು, ಕೆಲಸದ ಮೇಲೆ ಗಮನ ಕೊಡಬಹುದು ಎಂದು ಇನ್ನಷ್ಟು ಹುರುಪಿನಿಂದ ಒತ್ತಿದೆ.

ಎಲ್ಲರನ್ನೂ ಹೊರಹಾಕಿದ ಮೇಲೆ ಹೆಸರು ಬದಲಾಯಿಸುವ ಶುಭಕಾರ್ಯ. ಸುತ್ತಲಿನವರು ಯಾರೇ ಫೋನು ತೆಗೆದು ವೈಫೈ ಹುಡುಕಿದರೂ ಮೊದಲು ಕಣ್ಣಿಗೆ ಬಿದ್ದು ಎದೆಗೆ ನಾಟುವಂತಿರಬೇಕು. ಬಹಳ ಯೋಚಿಸಿ ಬರೆದೆ: "ಕಳ್ಳರಿಗೆ ಪ್ರವೇಶವಿಲ್ಲ".

ಕೊನೆಗೆ ಪಾಸ್‌ವರ್ಡ್. ವರ್ಗ ಸಮೀಕರಣದ ಸೂತ್ರವನ್ನೇ ಇಟ್ಟೆ. ಓಣಿಯಲ್ಲಿ ಅದನ್ನು ಯಾರು ಊಹಿಸಬಲ್ಲರು? ಬರೆಯುವಾಗ ಅಕ್ಷರಗಳ ಜಾಗದಲ್ಲಿ ಬರೀ ಚುಕ್ಕಿಗಳು ಕಾಣುತ್ತಿದ್ದವು. ನಾನೋ ಸಂಭ್ರಮದ ಅವಸರದಲ್ಲಿ ಬೆರಳು ಬಿದ್ದಲ್ಲಿ ಒತ್ತಿದ್ದೆ. ಉಳಿಸು ಎಂಬುದನ್ನು ಒತ್ತಿದೆ. ತಕ್ಷಣ ನನ್ನ ಫೋನಿನ ನೆಟ್ಟೂ ಹೋಯಿತು. ಅದು ಸಹಜವೇ, ಹೊಸ ಪಾಸ್‌ವರ್ಡ್ ಕೊಡಬೇಕಲ್ಲ. ಸೂತ್ರ ಬರೆದೆ. ತಪ್ಪು ಎಂದಿತು. ಮತ್ತೆ ಬರೆದೆ. ತಪ್ಪು! ಗಣಿತ ಕಲಿಸುವವಳಿಗೆ ಸೂತ್ರ ತಪ್ಪು ಎನ್ನುವಷ್ಟು ಸೊಕ್ಕು ಒಂದು ಡಬ್ಬಿಗೆ!

ಅಷ್ಟರಲ್ಲಿ ಕೆಳಗಿನಿಂದ ಕೂಗು. "ಟೀಚರ್ರ! ಓ ಟೀಚರ್ರ!"

ಇಳಿದು ಬಂದೆ. ರಾಬಿಯಾಕ್ಕ ಪಡಸಾಲೆಯ ನಡುವೆ ನಿಂತಿದ್ದರು. ಜರಿಯ ಸೀರೆ, ಕೈಯಲ್ಲಿ ಫೋನು, ಹಣೆಯ ಮೇಲೆ ಬೆವರು.

"ಟೀಚರ್ರ, ಏನ್ ಮಾಡ್ಲಿರೀ, ನೆಟ್ ಹೋತು! ಅಲ್ಲಿ ಇಮ್ರಾನ ಊಟದ ಬಿಡುವಿನ್ಯಾಗ ಫೋನ್ ಹಿಡ್ಕೊಂಡು ನಿಂತಾನ. ಕೂಸಿನ ಹೆಸರ ಅವನೇ ಹೇಳಬೇಕು. ಯಾರ ಮುಂದನೂ ಬಾಯಿ ಬಿಟ್ಟಿಲ್ಲ, ಶಬಾನಾಗೂ ಹೇಳಿಲ್ಲ. ಕೂಸಿನ ಮುಖ ನೋಡೇ ಹೇಳತೀನಿ ಅಂತ ಹಠ ಹಿಡದಾನ. ಮೊಬೈಲ್ ಡಾಟಾ ಹಾಕಿದ್ರ ಬರೇ ಚೌಕ ಚೌಕ ಕಾಣಾಕತ್ತಾನ, ಮುಖಾನ ಇಲ್ಲ!"

ನನ್ನ ತಲೆಯಲ್ಲಿ ಗಂಟೆ ಬಾರಿಸಿತು.

"ನೆಟ್ ಯಾವಾಗ ಹೋತು ರಾಬಿಯಾಕ್ಕ?"

"ಈಗ, ಈಗರೀ."

"ಹಾಡ ನಿಂತ್ವಲ್ಲ, ಆವಾಗ?"

"ಹೌದ್ರೀ! ಆವಾಗನ!"

ಸಾಧಿಸಿದ್ದಾಯಿತು! ಕಳ್ಳರ ಮನೆ ನಮ್ಮ ಗೋಡೆಗೆ ಅಂಟಿಕೊಂಡೇ ಇತ್ತು. ನಾನು ಸೆರಗು ಸರಿಮಾಡಿಕೊಂಡೆ. ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಮುಂದೆ ಮಾತಾಡುವ ಧ್ವನಿ ತಾನಾಗಿಯೇ ಬಂತು. "ರಾಬಿಯಾಕ್ಕ, ನೆರೆಹೊರೆ ಅಂದ ಮ್ಯಾಲ ಒಂದು ಮಾತು ಕೇಳಿ ತಗೊಂಡಿದ್ರ ನಾನೇ ಖುಷಿಯಿಂದ ಕೊಡ್ತಿದ್ದೆ. ಕೇಳಲಾರದ ತಗೊಳ್ಳೋದು ನಿಮ್ಮಂಥವರಿಗೆ ಒಪ್ಪಂಗಿಲ್ಲ. ಇರಲಿ, ನನ್ನ ಮನಸ್ಸಿನ್ಯಾಗ ಏನೂ ಇಲ್ಲ. ಇವತ್ತು ಶುಭದಿನ. ನಾನೇ ಕೊಡತೀನಿ."

ರಾಬಿಯಾಕ್ಕನ ಮುಖ ಇಳಿದುಹೋಯಿತು.

"ಏನಂದ್ರಿ? ನಾವು ನಿಮ್ಮ ನೆಟ್ ಕದ್ದೀವಿ ಅಂತೀರೇನ್ರೀ?"

ನಾನು ಕ್ಷಮಿಸುವವರು ಬೀರುವ ನಗೆಯೊಂದನ್ನು ಬೀರಿದೆ.

"ಶಬಾನಾ ಬಾಣಂತನಕ್ಕ ಬಂದ ಮ್ಯಾಲ ಅಳಿಯನ ಸಲುವಾಗಿ ನಾವೂ ವೈಫೈ ಹಾಕ್ಸೀವ್ರೀ ಟೀಚರ್ರ. ನಿಮ್ಮ ಮಾಳಿಗಿ ಎದುರಿಗಿನ ಕಿಟಕಿಯಾಗನ ಐತಿ, ಬಂದು ನೋಡ್ರಿ. ನೀವು ಇಷ್ಟು ವರ್ಷ ನೋಡೀರಿ ನಮ್ಮನ್ನ..." ಅವರು ಕೈಯಲ್ಲಿದ್ದ ಫೋನನ್ನು ನನ್ನ ಮುಂದೆ ಹಿಡಿದರು. "ಮ್ಯಾಲ ಇದೊಂದು ನೋಡ್ರಿ. ಬೀಗರೆಲ್ಲ ನೆಟ್ ಹುಡುಕಾಕ ಹೋದ್ರ ಫೋನ್ಯಾಗ 'ಕಳ್ಳರಿಗೆ ಪ್ರವೇಶವಿಲ್ಲ' ಅಂತ ಬರಾಕತ್ತೈತಿ. ನಮ್ಮ ಬೀಗತಿ ಅದು ನಮಗ ಅಂದದ್ದು ಅಂತ ಬುರ್ಖಾ ತೊಟ್ಕೊಂಡು ಎದ್ದು ನಿಂತಾಳ!"

ನನ್ನ ನಗೆ ಅಲ್ಲೇ ಅರ್ಧಕ್ಕೆ ನಿಂತಿತು. ಅವರದೇ ವೈಫೈ ಇದ್ದರೆ, ನಾನು ನಮ್ಮದರಿಂದ ಹೊರದಬ್ಬಿದಾಗ ಅವರ ಹಾಡು ಏಕೆ ನಿಂತಿತು?

ಉತ್ತರ ಅತ್ತೆಯ ಕೋಣೆಯಿಂದ ಬಂತು. ಕೂಸಿಗೆ ಕೊಡಲು ಬೆಳ್ಳಿಯ ಗಿಲಕಿ ತೆಗೆಯಬೇಕೆಂದು ಅವರು ತಿಜೋರಿ ತೆರೆದಿದ್ದರು. "ಶೋಭಾ, ಇದನ್ನ ಸ್ವಲ್ಪ ಹಿಡಿ. ಗಿಲಕಿ ಇದರ ಹಿಂದ ಐತಿ" ಎನ್ನುತ್ತ ನನ್ನ ಕೈಗೆ ಬಿಳಿ ಡಬ್ಬಿಯನ್ನು ಕೊಟ್ಟರು. ಡಬ್ಬಿ ತಣ್ಣಗಿತ್ತು. ಒಂದು ದೀಪವೂ ಇರಲಿಲ್ಲ. ಅದರ ವೈರನ್ನು ಅದಕ್ಕೇ ರುಮಾಲಿನ ಹಾಗೆ ಅಚ್ಚುಕಟ್ಟಾಗಿ ಸುತ್ತಲಾಗಿತ್ತು.

"ಅತ್ತೀ... ಇದರ ವೈರ್ ಯಾಕ ಕಿತ್ತೀರಿ?"

"ವೈರ್ ಇದ್ರ ತಿಜೋರಿ ಬಾಗಿಲಾ ಮುಚ್ಚಂಗಿಲ್ಲ. ಅದಕ ಇಟ್ಟ ದಿನಾನ ಕಿತ್ತೀನಿ. ಸುಮ್ನ ಬಿಸಿ ಬ್ಯಾರೆ ಆಗತಿತ್ತು."

ಅಷ್ಟು ಹೊತ್ತು ಪೇಪರಿನ ಹಿಂದೆ ಇದ್ದ ನಮ್ಮ ಮನೆಯವರು ಅದನ್ನು ಮೆಲ್ಲಗೆ ಕೆಳಗಿಳಿಸಿ, ಜೀವಮಾನದಲ್ಲಿ ಮೊದಲ ಸಲ ತನಿಖೆಯಲ್ಲಿ ಆಸಕ್ತಿ ತೋರಿಸಿದರು.

"ಹಂಗಾದ್ರ ಶೋಭಾ, ಇಷ್ಟು ದಿವಸ ನಾವು ಯಾರ ನೆಟ್ ನೋಡಿದ್ವಿ?"

ರಾಬಿಯಾಕ್ಕ ನನ್ನನ್ನು ನೋಡಿದರು. ಡಬ್ಬಿಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಅದಕೇನ್ರೀ ಟೀಚರ್ರ ನಮ್ದು ಅಷ್ಟು ನಿಧಾನ ಆಗಿದ್ದು?"

ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ನಮ್ಮ ಮನೆಯವರು ಕೇಬಲ್ಲಿನ ಹನುಮೇಶನಿಗೆ ಫೋನು ಮಾಡಿದರು. ನಮ್ಮ ಓಣಿಗೆಲ್ಲ ವೈಫೈ ಕೊಟ್ಟವನು ಅವನೇ. ಆತನ ಉತ್ತರ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು. "ಹೌದ್ರೀ ಅಣ್ಣಾರ, ಇಡೀ ಓಣಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟೀನಿ. ಮನಿಗೊಂದು ಇಟ್ರ ನನಗ ನೆನಪ ಇರಬೇಕಲ್ರೀ! ಯಾವ ಡಬ್ಬಿ ಸಮೀಪ ಇರತೈತಿ ಫೋನು ಅದಕ್ಕ ಹೋಗಿ ಕುಂದ್ರತೈತಿ. ನಾ ಈಗ ಸಾಲಗುಂದದಾಗ ಅದೀನಿ. ಹುಲ್ಲಿನ ಟ್ರ್ಯಾಕ್ಟರ್ ವೈರ್ ಹರ್ಕೊಂಡು ಹೋಗೇತಿ. ನಿಮ್ಮ ಕಡೆ ಬರೋದು ನಾಳಿನ."

ಅಂದರೆ ನಾನು ಮಾಳಿಗೆಯಲ್ಲಿ ಕೂತು ರಾಬಿಯಾಕ್ಕನ ವೈಫೈಯಿಂದ ರಾಬಿಯಾಕ್ಕನ ಮನೆಯವರನ್ನೇ ಒಬ್ಬೊಬ್ಬರನ್ನಾಗಿ ಹೊರಹಾಕಿದ್ದೆ. ಅವರ ಮನೆಗೆ ನನ್ನದೊಂದು ಬೀಗ ಹಾಕಿದ್ದೆ. ಬಾಗಿಲಿಗೆ ಕಳ್ಳರು ಎಂದು ಬೋರ್ಡು ಬೇರೆ ತೂಗುಹಾಕಿದ್ದೆ!

"ರಾಬಿಯಾಕ್ಕ, ನಡೀರಿ" ಎಂದೆ. "ಬೀಗತಿ ಮುಂದ ನಾನೇ ಹೇಳತೀನಿ."

ಲಿಂಗಸೂರಿನ ಬೀಗತಿ ಗಟ್ಟಿ ಹೆಂಗಸು. ಬುರ್ಖಾ ತೊಟ್ಟು ಬಾಗಿಲ ಬಳಿ ನಿಂತಿದ್ದರು. ಅವರ ಹಿಂದೆ ಬೀಗರ ಬಳಗವೆಲ್ಲ ಚಪ್ಪಲಿ ಹುಡುಕುತ್ತಿತ್ತು. ಒಳಗೆ ತೊಟ್ಟಿಲ ಪಕ್ಕದಲ್ಲಿ ಶಬಾನಾ ಕೂಸನ್ನು ಎದೆಗವಚಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ನಕ್ಕೋ ರಾಬಿಯಾ, ಬ್ಯಾಡ, ನಾ ಒಂದು ಗಳಿಗಿ ಇಲ್ಲಿ ನಿಂದ್ರಂಗಿಲ್ಲ" ಎಂದರು ಬೀಗತಿ. "ಕಳ್ಳರ ಮನಿತನಕ್ಕ ಮಗಳ್ನ ಯಾಕ ಕೊಟ್ಟಿ?"

"ಅಮ್ಮಾ, ಅದು ನಿಮಗ ಅಂದದ್ದಲ್ರೀ" ಎಂದೆ ನಾನು. "ಬರೆದಾಕಿ ನಾನು."

"ನೀ ಯಾರು?"

"ಪಕ್ಕದ ಮನಿಯಾಕಿರೀ. ಟೀಚರು."

"ನಮ್ಮನ್ನ ಕಳ್ಳರು ಅನ್ನಾಕ ನಿನಗೇನ್ ಕದ್ದೀವಿ ನಾವು?"

"ನೀವು ಕದ್ದಿಲ್ರೀ." ಇಷ್ಟು ಹೇಳಿ ಉಗುಳು ನುಂಗಿದೆ. "ಕದ್ದಾಕೀನೂ ನಾನ."

ಬೀಗತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕಳ್ಳತನವನ್ನು ಇಷ್ಟು ಸರಳವಾಗಿ ಒಪ್ಪಿಕೊಳ್ಳುವವರನ್ನು ಅವರು ಮೊದಲ ಸಲ ನೋಡುತ್ತಿದ್ದರೆಂದು ಕಾಣುತ್ತದೆ. ನಾನು ತಿಜೋರಿಯಿಂದ ಸೂತ್ರದವರೆಗೆ ಎಲ್ಲವನ್ನೂ ಹೇಳಿದೆ. ನಾನು ಹೇಳುತ್ತ ಹೋದಂತೆ ಅವರ ಹಿಂದಿನ ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಬೀಗತಿ ಮಾತ್ರ ನಗಲಿಲ್ಲ. "ಅಳಿಸು ಮೊದಲು ಅದನ್ನ" ಎಂದರು.

ಅಳಿಸಬೇಕಾದರೆ ಪಾಸ್‌ವರ್ಡ್ ಬೇಕು. ಸೂತ್ರವನ್ನು ದೊಡ್ಡಕ್ಷರದಲ್ಲಿ ಬರೆದೆ, ಸಣ್ಣಕ್ಷರದಲ್ಲಿ ಬರೆದೆ, ಹಿಂದುಮುಂದಾಗಿ ಬರೆದೆ. ಒಂದೂ ಹತ್ತಲಿಲ್ಲ. ಇಮ್ರಾನನ ಫೋನು ಬಂತು, ಬರೀ ಧ್ವನಿ. "ಅಮ್ಮೀ, ಜಲ್ದೀ ಕರೋ, ಬಿಡುವು ಮುಗಿಯಾಕ ಬಂತು, ಕ್ರೇನ್ ಹತ್ತಬೇಕು." ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಿಟಕಿಗೆ ಹೋದೆ, ಡಬ್ಬಿಯನ್ನು ತಿರುವಿ ನೋಡಿದೆ. ಹಿಂದೆ ಒಂದು ಸಣ್ಣ ತೂತು. ಅದರೊಳಗೆ ಪಿನ್ನು ಚುಚ್ಚಿದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಅಮರೇಶ ಸರ್ ಎಂದೋ ಹೇಳಿದ ನೆನಪು. ತಲೆಯಿಂದ ಕ್ಲಿಪ್ಪು ಕಿತ್ತು ಚುಚ್ಚಿದೆ.

ಡಬ್ಬಿಯ ಹಸಿರು ದೀಪಗಳೆಲ್ಲ ಆರಿ ಒಂದೇ ಒಂದು ಕೆಂಪು ದೀಪ ಹತ್ತಿತು.

ಹನುಮೇಶನಿಗೆ ಮತ್ತೆ ಫೋನು. "ಅಯ್ಯೋ, ಪಿನ್ ಚುಚ್ಚಿದ್ರೇನ್ರೀ? ನಾ ತುಂಬಿದ್ದೆಲ್ಲಾ ಅಳಿಸಿ ಹೋತ್ರಿ! ಇನ್ನ ನಾ ಬರೋತನಕ ಅದರಾಗ ಒಂದು ಹನಿ ನೆಟ್ ಬರಂಗಿಲ್ಲ."

'ಕಳ್ಳರಿಗೆ ಪ್ರವೇಶವಿಲ್ಲ' ಎಂಬುದೇನೋ ಅಳಿಸಿತ್ತು. ಈಗ ಯಾರಿಗೂ ಪ್ರವೇಶವಿರಲಿಲ್ಲ!

ಆಗ ನಮ್ಮ ಮನೆಯವರು ಗೋಡೆಯ ಆಚೆಯಿಂದ ಕೂಗಿದರು. "ಲೇ ಶೋಭಾ! ನಮ್ಮ ಡಬ್ಬಿ ಪಡಸಾಲ್ಯಾಗ ಹಚ್ಚೀನಿ. ದೀಪ ಹತ್ಯಾವ. ಎಲ್ಲಾರನೂ ಇಲ್ಲಿಗೇ ಕರಕೊಂಡು ಬಾ."

ಬಹಳ ಸರಳವಾದ ಮಾತು. ಅದು ನನಗೆ ಹೊಳೆದಿರಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ತೊಟ್ಟಿಲನ್ನು ಇಬ್ಬರು ಹೊತ್ತರು. ಶಬಾನಾ ಕೂಸನ್ನು ಎತ್ತಿಕೊಂಡು ಬಂದಳು. ಹಿಂದೆ ರಾಬಿಯಾಕ್ಕ ಸಕ್ಕರೆಯ ತಾಟು ಹಿಡಿದು, ಅವರ ಹಿಂದೆ ಲಿಂಗಸೂರಿನ ಬಳಗವೆಲ್ಲ ಸಾಲಾಗಿ ನಮ್ಮ ಗೇಟು ದಾಟಿ ಬಂದರು. ಪಂಪಣ್ಣ ಕಟ್ಟೆಯಿಂದ ಎದ್ದು ನಿಂತು ದಾರಿ ಬಿಟ್ಟ. ಹಳೆಯ ಹೆಸರು, ಹಳೆಯ ಪಾಸ್‌ವರ್ಡು ನಮ್ಮ ಡಬ್ಬಿಯಲ್ಲಿ ಹಾಗೇ ಇದ್ದುದರಿಂದ ಅವರು ಒಳಗೆ ಕಾಲಿಡುತ್ತಿದ್ದಂತೆ ಅವರ 'ಸ್ವಂತ' ವೈಫೈ ಎಂದುಕೊಂಡು ಒಂದೊಂದೇ ಫೋನು ಟಿಣ್ ಟಿಣ್ ಎಂದು ಅಂಟಿಕೊಂಡಿತು. ನಾನು ಯಾರನ್ನು ತಡೆಯಬೇಕೆಂದು ಇಷ್ಟು ದಿನ ನಿದ್ದೆ ಕೆಟ್ಟಿದ್ದೆನೋ ಅವರೆಲ್ಲ ಈಗ ನಮ್ಮ ಸೋಫಾದಲ್ಲಿ, ನೆಲದಲ್ಲಿ, ಬಾಗಿಲಲ್ಲಿ ಕೂತು ನಮ್ಮ ನೆಟ್ಟನ್ನೇ ನೋಡುತ್ತಿದ್ದರು. "ಎಲ್ಲಾರೂ ಫೋನ್ ಬಂದ್ ಮಾಡ್ರವ್ವಾ, ಇಮ್ರಾನಗ ದಾರಿ ಬಿಡ್ರಿ!" ಎಂದು ನಮ್ಮ ಅತ್ತೆ ಗದರಿಸಿದರು. ಎಲ್ಲರೂ ಬಂದ್ ಮಾಡಿದರು.

ಪರದೆಯ ಮೇಲೆ ಇಮ್ರಾನನ ಮುಖ ಮೂಡಿತು. ತಲೆಯ ಮೇಲೆ ಹಳದಿ ಟೊಪ್ಪಿಗೆ, ಮೀಸೆಯ ಮೇಲೆ ಧೂಳು. ಶಬಾನಾ ಕೂಸಿನ ಮುಖವನ್ನು ಫೋನಿಗೆ ಹಿಡಿದಳು. ಆತ ಮಾತಾಡಲಿಲ್ಲ. ನೆಟ್ ಮತ್ತೆ ನಿಂತಿತೆಂದು ನಾನು ಓಡಿಹೋಗಿ ಡಬ್ಬಿಯ ದೀಪ ನೋಡಿದೆ. ದೀಪ ಸರಿಯಾಗಿಯೇ ಇತ್ತು. ಆತ ಅಳುತ್ತಿದ್ದ.

"ಬೋಲ್ ಬೇಟಾ, ಹೆಸರ ಹೇಳು" ಎಂದರು ಬೀಗತಿ. ಅವರ ಧ್ವನಿ ಈಗ ಮೆತ್ತಗಾಗಿತ್ತು.

"ಅಮೀನಾ" ಎಂದ ಇಮ್ರಾನ.

ಎಲ್ಲರೂ ಆ ಹೆಸರು ಹಿಡಿದು ಕೂಸನ್ನು ಕರೆದರು. ರಾಬಿಯಾಕ್ಕ ಸಕ್ಕರೆ ಹಂಚಿದರು. ನಮ್ಮ ಅತ್ತೆ ಗಿಲಕಿ ಆಡಿಸುತ್ತ, "ಭಾಳ ಚಂದೈತ್ರಿ ಹೆಸರ. ಹಂಗಂದ್ರೇನು?" ಎಂದು ಬೀಗತಿಯನ್ನು ಕೇಳಿದರು.

ಬೀಗತಿ ನೇರವಾಗಿ ನನ್ನ ಕಡೆ ತಿರುಗಿದರು. "ನಂಬಿಗಸ್ತಿ. ಮಂದಿ ಸಾಮಾನಿಗೆ ಕೈ ಹಚ್ಚಲಾರದಾಕಿ."

ಪಡಸಾಲೆಯಲ್ಲಿ ಎದ್ದ ನಗೆಗೆ ಕೂಸು ಬೆಚ್ಚಿ ಅತ್ತಿತು. ಈ ಸಲ ಬೀಗತಿಯೂ ನಕ್ಕರು. ಸೌದಿಯಲ್ಲಿದ್ದ ಇಮ್ರಾನನಿಗೆ ನಗೆಯ ಕಾರಣ ತಿಳಿಯದೆ, "ಕ್ಯಾ ಹುವಾ ಅಮ್ಮೀ?" ಎಂದು ಕೇಳಿದ. ಅವರು ಫೋನನ್ನು ನನ್ನ ಕಡೆ ತಿರುಗಿಸಿ ವಿವರಿಸತೊಡಗಿದರು. ನಾನು ಪರದೇಶಕ್ಕೂ ಕೈ ಮುಗಿದೆ.

ಊಟದ ಹೊತ್ತಿಗೆ ರಾಬಿಯಾಕ್ಕನ ಸಿಟ್ಟು ಪೂರ್ತಿ ಇಳಿದಿತ್ತೆಂದು ನಾನು ತಿಳಿದೆ. ನನ್ನ ಕೈಯಿಂದಲೇ ಬಡಿಸಿಕೊಂಡರು, ಪಕ್ಕದಲ್ಲೇ ಕೂತು ಉಂಡರು. ಮರುದಿನ ಸಂಜೆ ಹನುಮೇಶ ಅವರ ಮನೆಗೆ ಬಂದ ಸುದ್ದಿ ತಿಳಿದು ನಾನೂ ಹೋದೆ. ಮಾಡಿದ ತಪ್ಪಿಗೆ ಏನಾದರೂ ನೆರವಾಗೋಣ ಎಂಬ ಸದ್ಭಾವನೆ. ಹನುಮೇಶ ಡಬ್ಬಿಯ ಮುಂದೆ ಕೂತು ಎಲ್ಲವನ್ನೂ ಮತ್ತೆ ತುಂಬಿ, "ಈ ಸಲ ನಿಮ್ದು ಬ್ಯಾರೇನ ಪಾಸ್‌ವರ್ಡ್ ಇಡೋಣ್ರಿ ಅಕ್ಕಾರ. ಏನ್ ಇಡಲಿ?" ಎಂದ.

ಪಾಸ್‌ವರ್ಡ್ ಹೇಗಿರಬೇಕೆಂದು ಹೇಳಲು ನಾನು ಬಾಯಿ ತೆರೆದೆ.

ರಾಬಿಯಾಕ್ಕ ನನ್ನ ಕೈ ಹಿಡಿದು ಬಹಳ ಪ್ರೀತಿಯಿಂದ ಬಾಗಿಲವರೆಗೆ ಕರೆತಂದರು. "ಟೀಚರ್ರ, ತಪ್ಪು ತಿಳ್ಕೊಬ್ಯಾಡ್ರಿ. ಒಂದೇ ಒಂದ್ನಿಮಿಷ ಹೊರಗ ನಿಂದರ್ರಿ."

ಬಾಗಿಲು ಮೆಲ್ಲಗೆ ಮುಚ್ಚಿತು. ಒಳಗೆ ಅವರು ಹನುಮೇಶನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಹನುಮೇಶನಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಅವನು ಒಂದೊಂದೇ ಅಕ್ಷರವನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳತೊಡಗಿದ.

ನಾನು ಮೆಟ್ಟಿಲ ಮೇಲೆ ಎರಡೂ ಕಿವಿಗಳಿಗೆ ಬೆರಳು ತುರುಕಿಕೊಂಡು ನಿಂತೆ.